ಚಾಟ್‌ಬಾಟ್ ಕೊಟ್ಟ ಮಾತಿಗೆ ಯಾರು ಹೊಣೆ? ಎಐ ಮೇಲೆ ಕೇಸ್ ಹಾಕಬಹುದಾ?

ಪ್ರಶ್ನೆ: ಮೇಡಂ, ಆನ್‌ಲೈನಲ್ಲಿ 38,000 ರೂಪಾಯಿಯ ಫ್ರಿಜ್ ತಗೊಂಡಿದ್ದೆ. ಹತ್ತು ದಿನದೊಳಗೆ ವಾಪಸ್ ಕಳಿಸಿದರೆ ಪೂರ್ತಿ ದುಡ್ಡು ಕೊಡ್ತೀವಿ ಅಂತ ಕಂಪನಿಯ ಚಾಟ್‌ಬಾಟ್ ಹೇಳಿತು. ಕಳಿಸಿದ ಮೇಲೆ "ಎಐ ತಪ್ಪು ಹೇಳಿದೆ, ನಾವು ಜವಾಬ್ದಾರರಲ್ಲ" ಅಂತಿದ್ದಾರೆ. ಎಐ ಮೇಲೇ ಕೇಸ್ ಹಾಕಬಹುದಾ?

ವಕೀಲರ ಉತ್ತರ: ಎಐ ಮೇಲೆ ಹಾಕೋಕಾಗಲ್ಲ, ಹಾಕಬೇಕಾಗಿಯೂ ಇಲ್ಲ. ಕಾನೂನಿನ ಕಣ್ಣಲ್ಲಿ ಅದು ವ್ಯಕ್ತಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 11(ಸಿ) ಪ್ರಕಾರ, ಕಂಪ್ಯೂಟರ್ ತಾನಾಗಿಯೇ ಕೆಲಸ ಮಾಡುವಂತೆ ಯಾರು ವ್ಯವಸ್ಥೆ ಮಾಡಿಟ್ಟಿದ್ದಾರೋ, ಅದು ಕಳಿಸಿದ ಸಂದೇಶವೂ ಅವರದ್ದೇ. ಕೆನಡಾದಲ್ಲಿ ಏರ್ ಕೆನಡಾ ಎಂಬ ವಿಮಾನ ಕಂಪನಿ ಇದೇ ವಾದ ಮಾಡಿತ್ತು: ನಮ್ಮ ಚಾಟ್‌ಬಾಟ್ ಬೇರೆಯೇ ಒಂದು ಘಟಕ, ಅದರ ಮಾತಿಗೆ ಅದೇ ಹೊಣೆ ಅಂತ. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ, ಬಡ್ಡಿ, ಶುಲ್ಕ ಸೇರಿಸಿ ಪ್ರಯಾಣಿಕನಿಗೆ 812 ಕೆನಡಾ ಡಾಲರ್ ಕೊಡಿಸಿತು. ಆ ತೀರ್ಪಿಗೆ ನಮ್ಮ ಗ್ರಾಹಕ ಆಯೋಗಗಳು ಕಟ್ಟುಬಿದ್ದಿಲ್ಲ, ಆದರೂ ದೂರಿನಲ್ಲಿ ಉಲ್ಲೇಖಿಸಿ.

ಮೊದಲು ಚಾಟ್ ಉಳಿಸಿಕೊಳ್ಳಿ. ಬಹಳಷ್ಟು ಕೇಸ್ ಸೊರಗುವುದು ಇಲ್ಲೇ: ವಿಂಡೋ ಮುಚ್ಚಿದರೆ ಸಂಭಾಷಣೆ ಹೋಗಿಬಿಡುತ್ತದೆ, ಉಳಿದ ಸ್ಕ್ರೀನ್‌ಶಾಟಲ್ಲಿ ತಾರೀಖೇ ಇರುವುದಿಲ್ಲ. ಮೊದಲ ಸಾಲಿಂದ ಕೊನೆಯವರೆಗೆ, ದಿನಾಂಕ, ಆರ್ಡರ್ ನಂಬರ್ ಕಾಣುವ ಹಾಗೆ ಪಿಡಿಎಫ್ ಮಾಡಿ. ರಿಟರ್ನ್ ನಿಯಮದ ಪುಟವನ್ನೂ ಇವತ್ತೇ ಉಳಿಸಿ. ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63(4)ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವಂಥದ್ದು) ಜೊತೆಗಿದ್ದರೆ ಎದುರು ವಕೀಲರ ತಕರಾರಿಗೆ ಜಾಗ ಕಡಿಮೆ.

ಆಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕೆಂಬುದು ಇ-ಕಾಮರ್ಸ್ ನಿಯಮ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ಎದುರುದಾರರ ಹೆಸರು ಇನ್‌ವಾಯ್ಸ್‌ನಲ್ಲಿರುವ ನೋಂದಾಯಿತ ಹೆಸರೇ ಆಗಿರಲಿ, ಆ್ಯಪ್‌ನ ಹೆಸರಲ್ಲ.

ಇನ್ನೊಬ್ಬರ ಪ್ರಶ್ನೆ: ಕಂಪನಿ, ದೇವರ ವಿಗ್ರಹ ಎಲ್ಲ ಕಾನೂನಿನಲ್ಲಿ ವ್ಯಕ್ತಿ ತಾನೇ? ರೋಬಾಟ್ ಯಾಕಾಗಬಾರದು?

ವಕೀಲರ ಉತ್ತರ: ವಿಗ್ರಹಕ್ಕೆ ಆ ಸ್ಥಾನ ಇದೆ ಅಂತ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠ ಪ್ರಿವಿ ಕೌನ್ಸಿಲ್ 1925ರಲ್ಲೇ ಹೇಳಿದೆ. ಆದರೆ ವಿಗ್ರಹಕ್ಕೆ ಆಸ್ತಿ ಇರುತ್ತದೆ, ಅದರ ಪರವಾಗಿ ನಡೆದುಕೊಳ್ಳುವ ಮನುಷ್ಯರೂ ಇರುತ್ತಾರೆ. ಇವೆರಡೂ ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಗಂಗಾ-ಯಮುನಾ ಪ್ರಕರಣ ನೋಡಿ. 2017ರ ಮಾರ್ಚಿನಲ್ಲಿ ಉತ್ತರಾಖಂಡ ಹೈಕೋರ್ಟ್ ನದಿಗಳನ್ನು ವ್ಯಕ್ತಿ ಅಂತ ಘೋಷಿಸಿತು. ಪ್ರವಾಹದಲ್ಲಿ ನಷ್ಟವಾದರೆ ಪರಿಹಾರ ಯಾರು ಕೊಡಬೇಕು ಅಂತ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು, ಜುಲೈನಲ್ಲಿ ತಡೆಯಾಜ್ಞೆ ಬಂತು.

ರೋಬಾಟಿನ ವಿಷಯದಲ್ಲೂ ನನ್ನ ಆತಂಕ ಇದೇ. ಬ್ಯಾಂಕ್ ಖಾತೆ, ವಿಮೆ ಯಾವುದೂ ಇಲ್ಲದ ಯಂತ್ರಕ್ಕೆ ವ್ಯಕ್ತಿಯ ಪಟ್ಟ ಕೊಟ್ಟರೆ ತೀರ್ಪು ನಿಮ್ಮ ಕೈಲಿರುತ್ತದೆ, ವಸೂಲಿಗೆ ಏನೂ ಇರಲ್ಲ. ತಯಾರಿಸಿದವರು ಮಾತ್ರ ಪಾರಾಗುತ್ತಾರೆ. 2017ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ "ಎಲೆಕ್ಟ್ರಾನಿಕ್ ವ್ಯಕ್ತಿ" ಎಂಬ ಆಲೋಚನೆಯನ್ನು ಪರಿಶೀಲಿಸಿ ಅಂದಾಗ ತಜ್ಞರು ಬಹಿರಂಗ ಪತ್ರ ಬರೆದು ವಿರೋಧಿಸಿದರು, ಅದು ಕಾನೂನಾಗಲಿಲ್ಲ. ರೋಬಾಟಿನಿಂದ ಯಾರಿಗಾದರೂ ಪೆಟ್ಟಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಡಿ ತಯಾರಕರನ್ನೇ ಹಿಡಿಯಿರಿ.