ಕಾಗೆ ತಲೆಗೆ ಕುಕ್ಕುತ್ತಿದೆ, ನೀವೇನು ಮಾಡಿದಿರಿ?

ಬಟವಾಡಿ, ತುಮಕೂರು: ಮನೆ ಎದುರಿನ ಹೊಂಗೆ ಮರದಲ್ಲಿ ಕಾಗೆ ಗೂಡು ಕಟ್ಟಿದೆ. ಅಮ್ಮ ಬಟ್ಟೆ ಒಣಗಿಸಲು ಮಹಡಿಗೆ ಹೋದರೆ ಸಾಕು, ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತದೆ. ಎರಡು ಸಲ ರಕ್ತ ಬಂತು. ಅಮ್ಮನಿಗೆ 71 ವರ್ಷ. ಕಾಗೆ ತಲೆ ಮುಟ್ಟಿದರೆ ಕೇಡು ಅಂತ ಬೇರೆ ಕೊರಗುತ್ತಿದ್ದಾರೆ. ಕಾಗೆಗೂ ನೋವಾಗಬಾರದು. ನಿಮ್ಮ ಅನುಭವ ಹೇಳಿ.

ಕೋಲಾರದ ಗೃಹಿಣಿ: ನಾನು ಕಳೆದುಕೊಂಡ ದುಡ್ಡಿನ ಲೆಕ್ಕ ಕೇಳಿ. ಮೊದಲು ಶಬ್ದದ ಮಷೀನ್, 2,650 ರೂಪಾಯಿ. ಮನುಷ್ಯರಿಗೆ ಕೇಳಿಸಲ್ಲ, ಹಕ್ಕಿಗಳು ಓಡುತ್ತವೆ ಅಂದರು. ನಾಲ್ಕನೇ ದಿನ ಕಾಗೆ ಅದರ ಮೇಲೇ ಕೂತು ಚಪಾತಿ ತಿನ್ನುತ್ತಿತ್ತು. ಅಂಥ ಶಬ್ದ ಹಕ್ಕಿಗಳಿಗೂ ಕೇಳಿಸಲ್ಲ ಅಂತ ಆಮೇಲೆ ತಿಳಿಯಿತು. ಮಿಂಚುವ ರಿಬ್ಬನ್ 180, ಆರು ದಿನ ಹೆದರಿತು ಅಷ್ಟೆ. ಕೊನೆಗೆ ಬಲೆ, ಕೂಲಿ ಸೇರಿ 7,400. ಸಡಿಲವಾಗಿ ಕಟ್ಟಿದ್ದರು, ಒಂದು ಮರಿಯ ಕಾಲು ಸಿಕ್ಕಿಕೊಂಡಿತು. ಬೆಳಗಿನ ಐದೂವರೆಗೆ ಬೀದಿಯ ಕಾಗೆಗಳೆಲ್ಲ ಸೇರಿ ಅರಚಾಟ. ನಮ್ಮ ಯಜಮಾನರು ಹೆಲ್ಮೆಟ್ ಹಾಕಿಕೊಂಡು, ಮರಿಯ ಮೇಲೆ ಟವೆಲ್ ಮುಚ್ಚಿ, ಹೊಲಿಗೆ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದರು. ದಾರ ಚರ್ಮದೊಳಕ್ಕೆ ಇಳಿದಿತ್ತು. ಬಾಯಿ ತೆರೆದುಕೊಂಡೇ ಇತ್ತು ಮರಿ, ಒಳಗೆಲ್ಲ ಕೆಂಪು. ಅವತ್ತೇ ಬಲೆ ತೆಗೆಸಿದೆ. ಅದಕ್ಕೂ 800!

ಚಿಂತಾಮಣಿ: ಗೂಡು ಕೀಳಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾನು ಹೋದ ವರ್ಷ 500 ಕೊಟ್ಟು ಕೀಳಿಸಿದೆ. ನಾಲ್ಕು ಮೊಟ್ಟೆ ಇದ್ದವು. ಮೂರು ವಾರದಲ್ಲಿ ಪಕ್ಕದ ಮರದಲ್ಲೇ ಇನ್ನೊಂದು ಗೂಡು, ಅದಕ್ಕೆ ನಮ್ಮದೇ ಬಟ್ಟೆ ತಂತಿಯ ಚೂರುಗಳು. ಆಮೇಲೆ ಮನೆಯಲ್ಲಿ ಐದು ಜನ ಇದ್ದರೂ ನನ್ನನ್ನೇ ಗುರುತಿಟ್ಟು ಅಟ್ಟಿಸಿಕೊಂಡು ಬರುತ್ತಿತ್ತು. ಬೈಕ್ ತೆಗೆಯಲು ಹಿಂಬಾಗಿಲಿಂದ ಹೋಗುತ್ತಿದ್ದೆ.

ಕೋಲಾರದ ಗೃಹಿಣಿ: ಮೊಟ್ಟೆ ಇದ್ದದ್ದು ನೋಡಿಯೂ ಕೀಳಿಸಿದಿರಾ? ಅದರಲ್ಲಿ ಕೋಗಿಲೆಯದೂ ಇತ್ತೋ ಏನೋ. ಅದು ಕಾಗೆ ಗೂಡಲ್ಲೇ ಇಡುವುದು.

ಚಿಂತಾಮಣಿ: ತಪ್ಪಾಯಿತು ಅಂತಲೇ ಬರೆದಿದ್ದೇನೆ ಅಲ್ವಾ ಅಕ್ಕ? ಮರಿಯ ಕಾಲು ಕೊಯ್ದದ್ದು ನಿಮ್ಮ ಬಲೆಯೂ ಹೌದು.

ಶಿಡ್ಲಘಟ್ಟ: ಬಲೆ, ರಿಬ್ಬನ್ ಎಲ್ಲ ದಂಡ. ಊಟ ಎಲ್ಲಿಂದ ಸಿಗುತ್ತಿದೆ, ಅದನ್ನು ನೋಡಿ. ನಮ್ಮ ಪಕ್ಕದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ಇದೆ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳವನ್ನು ಬಯಲಲ್ಲಿ ಸುರಿಯುತ್ತಿದ್ದರು. ಕಾಗೆಗಳು ಅದನ್ನು ತಂದು ನಮ್ಮ ನೀರಿನ ತೊಟ್ಟಿಯಲ್ಲಿ ನೆನೆಸಿ ತಿನ್ನುತ್ತಿದ್ದವು. ಆ ನಾತ! ತೊಟ್ಟಿ ಐದು ಸಲ ತೊಳೆಸಿದೆ, ಸಲಕ್ಕೆ 600. ಮೂರು ತಿಂಗಳು ಬೆನ್ನು ಹತ್ತಿ ಮುಚ್ಚಳದ ಡ್ರಮ್ ಇಡಿಸಿದೆ. ಕಾಗೆ ಅರ್ಧಕ್ಕರ್ಧ ಕಡಿಮೆಯಾಯಿತು. ಇನ್ನರ್ಧ, ದಿನಾ ಅನ್ನ ಸುರಿಯುವವರ ಪುಣ್ಯ.

ಕ್ಯಾತಸಂದ್ರದ ಮೇಷ್ಟ್ರು: ಅನ್ನ ಇಡುವವರನ್ನು ಯಾಕೆ ಎಳೆಯುತ್ತೀರಿ? ತಂದೆ ಹೋದಾಗಿನಿಂದ 14 ವರ್ಷ ದಿನಾ ಒಂದು ಹಿಡಿ ಇಡುತ್ತಿದ್ದೇನೆ. ನಮ್ಮ ಮನೆಯವರನ್ನು ಒಂದು ಕಾಗೆಯೂ ಕುಕ್ಕಿಲ್ಲ. ತಿಥಿಯ ದಿನ ಕಾಗೆ ಬರಲಿಲ್ಲ ಅಂತ ಗೋಳಾಡುತ್ತೀರಿ, ಮಾರನೇ ದಿನ ಅಟ್ಟುತ್ತೀರಿ.

ಶಿಡ್ಲಘಟ್ಟ: ಒಂದು ಹಿಡಿ ಬೇರೆ ಮೇಷ್ಟ್ರೇ. ನಮ್ಮ ಬೀದಿಯಲ್ಲಿ ಬಕೆಟ್‌ಗಟ್ಟಲೆ ಸುರಿಯುತ್ತಾರೆ. ಇಲಿಯೂ ಸೇರಿಕೊಂಡಿದೆ.

ಚಿಂತಾಮಣಿ: ನಾನು ಕೀಳಿಸಿದಾಗ ಕಾಗೆಗೆ ಕಾನೂನಿಲ್ಲ ಅಂತ ಒಬ್ಬರು ಹೇಳಿದ್ದರು.

ಕ್ಯಾತಸಂದ್ರದ ಮೇಷ್ಟ್ರು: ಅದು ಹಳೇ ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಗೆ ಉಪದ್ರವಿಗಳ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು.

ಬಟವಾಡಿ, ತುಮಕೂರು: ಎಲ್ಲರಿಗೂ ಧನ್ಯವಾದ. ಆದರೆ ನಾಳೆ ಬೆಳಿಗ್ಗೆ ಅಮ್ಮ ಮಹಡಿಗೆ ಹೋಗುವುದು ಹೇಗೆ?

ಮಾಲೂರು: ಛತ್ರಿ ಹಿಡಿದುಕೊಂಡು ಹೋಗಲಿ. ಬಟ್ಟೆ ಸ್ವಲ್ಪ ದಿನ ಕೆಳಗೇ ಒಣಗಲಿ. ಮೊಟ್ಟೆ ಒಡೆದ ಮೇಲೆ ಮರಿ ಹಾರಲು ಮೂರು ನಾಲ್ಕು ವಾರ. ಈಗ ಮರಿ ಇರುವುದಕ್ಕೇ ಕುಕ್ಕುತ್ತಿದೆ. ಕೇಡೂ ಅಲ್ಲ, ಶನಿಯೂ ಅಲ್ಲ ಅಂತ ಅಮ್ಮನಿಗೆ ಹೇಳಿ.

ಕ್ಯಾತಸಂದ್ರದ ಮೇಷ್ಟ್ರು: ಶನಿಯ ಮಾತು ಇಲ್ಲಿ ಯಾಕೆ ಬಂತು?

ಶಿಡ್ಲಘಟ್ಟ: ಮೇಷ್ಟ್ರೇ, ಒಂದು ಭಾನುವಾರ ನಮ್ಮ ಬೀದಿಗೆ ಬಂದು ನೋಡಿ, ಆಮೇಲೆ ಮಾತಾಡೋಣ.