ಸಹಾಯ ಬೇಕು: ವಾಟರ್ ಸ್ಕೀ ಬೈಂಡಿಂಗ್‌ಗೆ ಏನು ಹಚ್ಚಬೇಕು?

ಎಲ್ಲರಿಗೂ ನಮಸ್ಕಾರ. ಮಗಳು ಮಂಗಳೂರಿನ ತಣ್ಣೀರುಬಾವಿ ಕಡೆ ಫಲ್ಗುಣಿ ನದಿಯಲ್ಲಿ ವಾಟರ್ ಸ್ಕೀ ಕಲಿಯುತ್ತಿದ್ದಾಳೆ. ಸ್ಕೀ ಹಲಗೆಗೆ ಪಾದ ಹಿಡಿದಿಡುವ ಬೈಂಡಿಂಗ್ ರಬ್ಬರಿನದ್ದು, ತುಂಬಾ ಬಿಗಿ. ಒದ್ದೆ ಮಾಡಿದರೂ ಪಾದ ಒಳಗೆ ಜಾರುವುದಿಲ್ಲ. ಕಳೆದ ವಾರ ಎಳೆದಾಡಿ ಹಿಮ್ಮಡಿಯ ಚರ್ಮ ಸುಲಿದಿದೆ. ನೋಡಿ ಬೇಜಾರಾಯಿತು.

ಅಮ್ಮ ತೆಂಗಿನೆಣ್ಣೆ ಹಚ್ಚು ಅಂದರು. ನಾನು ಬೇಡ ಅಂದೆ. ಎಣ್ಣೆ, ಗ್ರೀಸ್, ವ್ಯಾಸಲೀನ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಬೇಗ ಹರಿಯುತ್ತದೆ ಅಲ್ವಾ. ಸೋಪಿನ ನೀರು ಸುಲಭ, ಆದರೆ ಸುಲಿದ ಜಾಗಕ್ಕೆ ಉರಿ. ಮತ್ತೆ ಅದೆಲ್ಲ ಹೋಗುವುದು ನದಿಗೇ. ಅಲ್ಲೇ ಬಲೆ ಹಾಕುವವರಿದ್ದಾರೆ.

ಬೈಂಡಿಂಗ್‌ಗೆಂದೇ ಬರುವ ಲ್ಯೂಬ್ (ಪಾದ ಸಲೀಸಾಗಿ ಜಾರಲು ಹಚ್ಚುವಂಥದ್ದು) ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಮೆಡಿಕಲ್‌ನಲ್ಲಿ ಸಿಗುವ, ನೀರಿನಲ್ಲಿ ಕರಗುವ ಜೆಲ್ ಆದೀತಾ? ಸಮುದ್ರ ಹತ್ತಿರವಾದ್ದರಿಂದ ಇಲ್ಲಿ ನದಿ ನೀರೂ ಉಪ್ಪು, ಅದಕ್ಕೆ ಬೇಗ ತೊಳೆದುಹೋಗುತ್ತದಾ? ಬಳಸಿದವರು ದಯವಿಟ್ಟು ತಿಳಿಸಿ. ಭಾನುವಾರ ಮತ್ತೆ ನೀರಿಗಿಳಿಯುತ್ತಾಳೆ.