ಸಹಾಯ ಬೇಕು: ಸಿಟ್ಟು ತಡೆಯಲಾಗದೆ ಒಂಟಿಯಾಗುತ್ತಿರುವ ಮಗ
ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಆಟದಲ್ಲಿ ತನ್ನ ಸರದಿಗಾಗಿ ಕಾಯಲಾರ. ಸೋತರೆ ಕೈಗೆ ಸಿಕ್ಕಿದ್ದನ್ನು ಎಸೆದುಬಿಡುತ್ತಾನೆ. ಇದರಿಂದ ಜೊತೆಗಾರರು ಒಬ್ಬೊಬ್ಬರಾಗಿ ದೂರ ಸರಿದಿದ್ದು, ಈಗ ಬಿಡುವಿನ ವೇಳೆಯಲ್ಲೂ ಅವನು ತರಗತಿಯಲ್ಲಿ ಒಬ್ಬನೇ ಕುಳಿತಿರುತ್ತಾನೆಂದು ಶಿಕ್ಷಕಿ ತಿಳಿಸಿದ್ದಾರೆ. ಒಂಟಿಯಾದಷ್ಟೂ ಸಿಡುಕು ಹೆಚ್ಚುತ್ತಿದೆ, ಸಿಡುಕಿದಷ್ಟೂ ಒಂಟಿಯಾಗುತ್ತಿದ್ದಾನೆ. (ಬುದ್ಧಿವಾದ ಸಾಕಷ್ಟು ಹೇಳಿಯಾಗಿದೆ, ಸಿಟ್ಟು ಇಳಿದ ಮೇಲೆ ತಪ್ಪು ಅವನಿಗೇ ಅರಿವಾಗುತ್ತದೆ, ಆ ಕ್ಷಣದಲ್ಲಿ ಮಾತ್ರ ತಡೆದುಕೊಳ್ಳಲಾರ.)

ಮಕ್ಕಳ ಒಂಟಿತನವನ್ನು ಅಳೆಯಲು ಸ್ಟೀವನ್ ಆಷರ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ 24 ಹೇಳಿಕೆಗಳ ಪ್ರಶ್ನಾವಳಿಯ ಕನ್ನಡ ಅನುವಾದ ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಅದಕ್ಕಿಂತ ಮುಖ್ಯವಾಗಿ, ಇಂತಹ ಮಗುವನ್ನು ಒಮ್ಮೆಲೇ ದೊಡ್ಡ ಗುಂಪಿಗೆ ಬಿಡದೆ ಒಬ್ಬನೇ ಗೆಳೆಯನ ಜೊತೆಗಿನ ಆಟದಿಂದ ಆರಂಭಿಸುವುದು ಸರಿಯೇ ಎಂಬುದನ್ನು ಅನುಭವವುಳ್ಳ ಶಿಕ್ಷಕರು, ಆಪ್ತಸಮಾಲೋಚಕರು ವಿವರಿಸಬೇಕೆಂದು ಕೋರುತ್ತೇನೆ.